ಎಣ್ಣೆ ಹತ್ತದ ದಿಂಬಿನ ಕವರು

“ಸ್ವಂತ ಆಸ್ಪತ್ರೆ ಉಂಟು ಅಕ್ಕ ಅವರಿಗೆ. ನೂರರ ಮೇಲೆ ಬೆಡ್” ಎಂದು ಕಾಲೇಜು ಸೀಟು ಕೊಡಿಸುವ ಏಜೆಂಟ್ ಹೇಳಿದಾಗ ನಾನು, “ಬೆಡ್ ಉಂಟು ಸರಿ. ಮಲಗುವವರು ಉಂಟಾ?” ಎಂದು ಕೇಳಿದ್ದೆ. ಅವನು ನಕ್ಕ. ಆಗ ನಾನೂ ಮಾತಿಗೆ ಮಾತು ಎಂದು ಕೇಳಿದ್ದೇ ಹೊರತು, ಅದೇ ಪ್ರಶ್ನೆಯ ಹಿಂದೆ ಇಷ್ಟು ಓಡಬೇಕಾದೀತು ಎಂದು ಎಣಿಸಿರಲಿಲ್ಲ.

ಮಂಗಳೂರಿನ ಹೊರವಲಯದ ಕಾಟಿಪಳ್ಳದಲ್ಲಿ ನನ್ನದೊಂದು ಲಾಂಡ್ರಿ ಇದೆ. ಬೀದಿ ಬದಿಯ ಇಸ್ತ್ರಿ ಅಂಗಡಿಯಲ್ಲ. ಸಣ್ಣ ಆಸ್ಪತ್ರೆಗಳ ಮತ್ತು ಲಾಡ್ಜುಗಳ ಬೆಡ್‌ಶೀಟು, ದಿಂಬಿನ ಕವರು, ಟವೆಲುಗಳನ್ನು ಮೂಟೆಗಟ್ಟಲೆ ತಂದು ಒಗೆದು ಒಣಗಿಸಿ ಮಡಚಿ ವಾಪಸು ಕೊಡುವ ಜಾಗ. ಗಂಡ ಗಲ್ಫಿನಲ್ಲಿ. ಇರುವುದೊಬ್ಬಳು ಮಗಳು. ಪಿಯುಸಿ ವಿಜ್ಞಾನ ಮುಗಿಸಿ, ಬಿಎಸ್‌ಸಿ ನರ್ಸಿಂಗ್ ಮಾಡುತ್ತೇನೆ ಎಂದು ಅವಳೇ ಹೇಳಿದ್ದು. ಸಿಇಟಿಯಲ್ಲಿ ಅವಳ ರ‍್ಯಾಂಕಿಗೆ ಬಂದ ಸೀಟು ರಾಜ್ಯದ ಇನ್ನೊಂದು ತುದಿಯಲ್ಲಿತ್ತು. ಅಷ್ಟು ದೂರ ಬೇಡ ಎಂದು ತೀರ್ಮಾನಿಸಿದ ಮೇಲೆ ಮಂಗಳೂರಿನಲ್ಲೇ ಮ್ಯಾನೇಜ್‌ಮೆಂಟ್ ಸೀಟು ಹುಡುಕುವುದೊಂದೇ ದಾರಿ. ನಮ್ಮ ಊರಿನಲ್ಲಿ ನರ್ಸಿಂಗ್ ಕಾಲೇಜಿಗೆ ಬರವಿಲ್ಲ. ಕಷ್ಟ ಇರುವುದು ಆರಿಸುವುದರಲ್ಲಿ.

ಇದನ್ನು ಬರೆಯುತ್ತಿರುವುದು ನನ್ನ ಹಾಗೆ ಹುಡುಕಲು ಹೊರಟವರಿಗೆ ಉಪಯೋಗವಾಗಲಿ ಎಂದು. ನರ್ಸಿಂಗ್ ಓದಿನ ದೊಡ್ಡ ಪಾಲು ವಾರ್ಡಿನಲ್ಲಿ ನಡೆಯಬೇಕು. ರೋಗಿಯ ಮೈ ಒರೆಸುವುದು, ಮಗ್ಗುಲು ತಿರುಗಿಸುವುದು, ಸೂಜಿ ಚುಚ್ಚುವುದು, ಇವನ್ನೆಲ್ಲ ಪುಸ್ತಕ ನೋಡಿ ಕಲಿಯಲು ಆಗುವುದಿಲ್ಲ. ವಾರ್ಡಿನಲ್ಲಿ ರೋಗಿಯೇ ಇಲ್ಲದ ಕಾಲೇಜಿಗೆ ಸೇರಿಸಿದರೆ ಮಗಳ ನಾಲ್ಕು ವರ್ಷ ನೀರಿಗೆ ಹಾಕಿದ ಹಾಗೆ. ಅರ್ಧದಲ್ಲಿ ಬಿಟ್ಟು ಬರುತ್ತೇನೆಂದರೂ ಸುಲಭವಿಲ್ಲ. ಒರಿಜಿನಲ್ ಅಂಕಪಟ್ಟಿ ಅವರ ಕಪಾಟಿನಲ್ಲಿರುತ್ತದೆ, ಉಳಿದ ವರ್ಷಗಳ ಫೀಸು ಕಟ್ಟಿ ತೆಗೆದುಕೊಂಡು ಹೋಗಿ ಎನ್ನುತ್ತಾರೆ. ಹಾಗಾಗಿ ನನ್ನ ಲೆಕ್ಕದಲ್ಲಿ ಒಂದೇ ಒಂದು ಹೆಜ್ಜೆ ಎಚ್ಚರದಿಂದ ಇಡಬೇಕಾದದ್ದು: ಒರಿಜಿನಲ್ ಕೈಬಿಡುವ ಹೆಜ್ಜೆ. ಅದಕ್ಕೆ ಮೊದಲು ಎಷ್ಟು ಬೇಕಾದರೂ ಸಂಶಯಪಡಬಹುದು, ಯಾರೂ ಏನೂ ಮಾಡಲಾರರು.

ನಾನು ಧಾರಾಳವಾಗಿಯೇ ಸಂಶಯಪಟ್ಟೆ. ಪ್ರತಿ ಕಾಲೇಜಿಗೂ ಎರಡೆರಡು ಸಲ ಫೋನ್ ಮಾಡಿದೆ. ಒಮ್ಮೆ ತಾಯಿಯಾಗಿ, ಇನ್ನೊಮ್ಮೆ ಚಿಕ್ಕಮ್ಮನಾಗಿ. ತಾಯಿಗೆ ಒಂದು ಫೀಸು, ಚಿಕ್ಕಮ್ಮನಿಗೆ ಇನ್ನೊಂದು ಹೇಳಿದವರನ್ನು ಅಲ್ಲಿಗೇ ಬಿಟ್ಟೆ. ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಈ ವರ್ಷದ್ದು ಇದೆಯೇ ಎಂದು ಮಗಳ ಕೈಯಲ್ಲಿ ಅಂತರ್ಜಾಲದಲ್ಲಿ ನೋಡಿಸಿದೆ. ಹೋದ ವರ್ಷದ್ದನ್ನು ತೋರಿಸಿ ‘ರಿನೀವಲ್‌ಗೆ ಹಾಕಿದ್ದೇವೆ’ ಎಂದವರನ್ನೂ ಬಿಟ್ಟೆ. ಬಸ್‌ಸ್ಟಾಪಿನಲ್ಲಿ ನಿಂತ ವಿದ್ಯಾರ್ಥಿನಿಯರನ್ನು ಮಾತಾಡಿಸಿದೆ. ‘ಕಾಲೇಜು ಹೇಗುಂಟು’ ಎಂದು ಕೇಳಬೇಡಿ, ಎಲ್ಲರೂ ಒಳ್ಳೆಯದು ಎನ್ನುತ್ತಾರೆ. ‘ಈ ವಾರ ಪೋಸ್ಟಿಂಗ್ ಯಾವ ವಾರ್ಡಿನಲ್ಲಿ’ ಎಂದು ಕೇಳಿ. ಥಟ್ಟನೆ ಉತ್ತರ ಬಂದರೆ ಸರಿ. ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಮುಂದಿನ ಬಸ್ಸು ಹತ್ತಿ.

ಹೀಗೆ ಜರಡಿ ಹಿಡಿದು ಉಳಿದದ್ದು ಎರಡು. ಒಂದು ಏಜೆಂಟ್ ಹೇಳಿದ್ದು, ಹೆದ್ದಾರಿ ಬದಿಯ ಹೊಸ ಕಾಲೇಜು. ಇನ್ನೊಂದು ಮಣ್ಣಗುಡ್ಡದ ಕಡೆಯ ಹಳೆಯದು.

ಏಜೆಂಟಿಗೆ ಕೊಟ್ಟಾರದಲ್ಲಿ ಮಹಡಿ ಮೇಲೆ ಆಫೀಸು. ನನಗಿಂತ ಸಣ್ಣವನು. ಮಾತು ಜೇನು. ಅವನ ಕಾರಿನಲ್ಲೇ ಹೊಸ ಕಾಲೇಜಿಗೆ ಹೋದೆವು. ಗಾಜಿನ ಬಾಗಿಲು, ನೆಲದಲ್ಲಿ ಮುಖ ಕಾಣುವ ಟೈಲ್ಸು. ಪ್ರಯೋಗಾಲಯದಲ್ಲಿ ಮನುಷ್ಯ ಗಾತ್ರದ ಗೊಂಬೆಗಳು ಮಂಚದಲ್ಲಿ ಸಾಲಾಗಿ ಮಲಗಿದ್ದವು. ಒಂದರ ಕಾಲಿಗೆ ಪ್ಲಾಸ್ಟಿಕ್ ಇನ್ನೂ ಸುತ್ತಿಕೊಂಡೇ ಇತ್ತು. ಅಲ್ಲಿಂದ ಒಳದಾರಿಯಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಆಸ್ಪತ್ರೆಯ ಮ್ಯಾನೇಜರ್ ಜೊತೆಗೆ ಬಂದ. ಟೈ ಕಟ್ಟಿದ, ಬಾಗಿ ಮಾತಾಡುವ ಮನುಷ್ಯ. ಕಾಲೇಜಿನ ಅಡ್ಮಿಷನ್ನೂ ಅವನ ಕೈಯಲ್ಲೇ.

ಅಲ್ಲಿ ನಾನು ನನ್ನ ಕಸುಬಿನವರು ಮಾತ್ರ ಮಾಡಬಹುದಾದ ತಪ್ಪು ಮಾಡಿದೆ. ವಾರ್ಡಿನ ಬಾಗಿಲು ತೆಗೆದ ಕೂಡಲೇ ನನ್ನ ಕಣ್ಣು ಹೋದದ್ದು ಬೆಡ್‌ಶೀಟಿನ ಮೇಲೆ. ಅಷ್ಟು ಬಿಳಿ ಶೀಟನ್ನು ನಾನು ಯಾವ ಆಸ್ಪತ್ರೆಯಲ್ಲೂ ಕಂಡಿರಲಿಲ್ಲ. ಕೈ ಹಾಕಿ ಅಂಚು ಮುಟ್ಟಿ ನೋಡಿದೆ. ನೂಲು ಗಟ್ಟಿ, ಒಂದು ಎಳೆ ಎದ್ದಿಲ್ಲ, ಮಡಿಕೆ ಚೂಪು. ಒಗೆಯುವವಳಿಗೆ ಬಿಳುಪಿನಷ್ಟು ದೊಡ್ಡ ಪ್ರಮಾಣಪತ್ರ ಬೇರೆ ಬೇಕೇ? ಶೀಟನ್ನು ಹೀಗೆ ಇಟ್ಟುಕೊಂಡವರು ಉಳಿದದ್ದನ್ನೂ ಸರಿಯಾಗಿ ಇಟ್ಟುಕೊಂಡಾರು ಎಂದು ಒಳಗೊಳಗೇ ಮುಕ್ಕಾಲು ಒಪ್ಪಿಬಿಟ್ಟೆ.

ಮಗಳು ಶೀಟು ನೋಡಲಿಲ್ಲ. “ಪೇಷೆಂಟ್ ಎಲ್ಲಿ ಸರ್?” ಎಂದು ಕೇಳಿದಳು.

“ಬೆಳಿಗ್ಗೆ ಡಿಸ್ಚಾರ್ಜ್ ಆಯ್ತಮ್ಮ. ಸಂಜೆ ಅಡ್ಮಿಷನ್ ಬರ್ತದೆ” ಎಂದ ಮ್ಯಾನೇಜರ್.

“ಎಲ್ರೂ ಒಟ್ಟಿಗೆ ಗುಣ ಆದ್ರಾ?” ಎಂದಳು. ನಾನು ಅವಳ ತೋಳು ಚಿವುಟಿದೆ.

ನನ್ನ ಕೈ ಶೀಟಿನ ಮೇಲೆ ಇದ್ದದ್ದನ್ನು ಏಜೆಂಟ್ ಗಮನಿಸಿದ್ದ. “ಅಕ್ಕನದ್ದು ಇದೇ ಲೈನ್ ಸರ್, ಲಾಂಡ್ರಿ” ಎಂದು ಪರಿಚಯಿಸಿದ. ಮ್ಯಾನೇಜರ್ ಮುಖ ಅರಳಿತು. ಒಗೆಯುವ ಗುತ್ತಿಗೆಯವರು ತುಂಬ ದೂರದವರು, ಅವರನ್ನು ಬಿಡಿಸುತ್ತಿದ್ದೇವೆ, ನೀವೇ ಯಾಕೆ ಮಾಡಬಾರದು ಎಂದ. “ಮಗಳು ಇಲ್ಲೇ ಕಲೀತಾಳೆ, ಬಟ್ಟೆ ನಿಮ್ಮಲ್ಲಿಗೇ ಬರ್ತದೆ. ಒಂದೇ ಫ್ಯಾಮಿಲಿ ಆದ ಹಾಗೆ ಅಲ್ವಾ ಮೇಡಂ?”

ಅಲ್ಲೇ ಕೂತು ಚೌಕಾಸಿಗೆ ಇಳಿದೆವು. ಮೊದಲು ಫೀಸು. ನಾನು ಒಂದು ಹೇಳಿದೆ, ಅವನು ಸ್ವಲ್ಪ ಮೇಲೆ ಹೇಳಿದ, ನಾನು ಮೊದಲಿನದಕ್ಕಿಂತಲೂ ಕೆಳಗೆ ಹೋದೆ. ಅದು ನನ್ನ ಪದ್ಧತಿ, ಎದುರಿನವನ ಬಿಸಿ ನೋಡಲಿಕ್ಕೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. “ಆಯ್ತು ಬಿಡಿ” ಎಂದ. ಒಗೆಯುವ ದರಕ್ಕೂ ಹಾಗೆಯೇ, ನಾನು ಕೇಳಿದ್ದಕ್ಕೆ ತಲೆಯಾಡಿಸಿದ. ಕೇಳಿದ್ದೆಲ್ಲ ಸಿಕ್ಕಿದಾಗ ಬೇರೆಯವರಿಗೆ ಖುಷಿಯಾಗುತ್ತದೇನೋ, ನನಗೆ ಸಂಶಯ ಶುರುವಾಗುತ್ತದೆ. ಸರಕಿನಲ್ಲಿ ಬಲ ಇರುವವನು ಕೊನೆಗೆ ಒಂದಾದರೂ ಕಡೆ ಬಿಗಿ ಹಿಡಿಯುತ್ತಾನೆ. ಇವನು ಬಿಗಿ ಹಿಡಿದದ್ದು ಒಂದೇ ವಿಷಯದಲ್ಲಿ.

“ಒರಿಜಿನಲ್ಸ್ ಇವತ್ತೇ ಕೊಟ್ಬಿಡಿ ಮೇಡಂ. ಸೀಟು ಬ್ಲಾಕ್ ಮಾಡ್ಲಿಕ್ಕೆ. ಸುಮ್ನೆ ವೆರಿಫಿಕೇಷನ್ ಅಷ್ಟೆ.”

ಒರಿಜಿನಲ್ ನನ್ನ ಚೀಲದೊಳಗೇ ಇತ್ತು. “ತರಲಿಲ್ಲ” ಎಂದೆ. “ಮೊದಲು ಒಂದು ಲೋಡ್ ಬಟ್ಟೆ ಕಳಿಸಿ. ನಿಮ್ಮ ಬಟ್ಟೆ ನನ್ನ ಮಿಷನ್‌ಗೆ ಸರಿಯಾಗ್ತದಾ ನೋಡ್ತೇನೆ. ನಮ್ಮ ವ್ಯವಹಾರ ಕೂಡಿ ಬಂದ್ರೆ ಒರಿಜಿನಲ್ ನಾನೇ ತಂದು ಕೊಡ್ತೇನೆ.” ಜೆರಾಕ್ಸ್ ಪ್ರತಿ ಕೊಟ್ಟು ಎದ್ದೆವು.

ಹೊರಗೆ ಬಂದ ಮೇಲೆ ಮಗಳ ಸಿಟ್ಟು ನನ್ನ ಮೇಲೆ. ಮನೆಯಲ್ಲಿ ನಾವು ಆಡುವುದು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ನಿಂಗೆ ಕಾಲೇಜು ಬೇಕಾ, ಕಾಂಟ್ರಾಕ್ಟ್ ಬೇಕಾ ಅಮ್ಮ?”

“ಎರಡೂ ಒಟ್ಟಿಗೆ ಸಿಕ್ಕಿದ್ರೆ ಬೇಡ ಅಂತ ಯಾರಾದ್ರೂ ಹೇಳ್ತಾರಾ?”

“ಹಾಗಾದ್ರೆ ಅಡ್ಮಿಷನ್ ನಿಂಗೇ ಮಾಡಿಸ್ಕೋ” ಎಂದು ಬಸ್ಸಿನ ಕಿಟಕಿ ಕಡೆ ತಿರುಗಿದಳು. ಕಾರಿನಲ್ಲಿ ಬಿಡುತ್ತೇನೆಂದ ಏಜೆಂಟಿಗೆ ನಾನೇ ಬೇಡ ಎಂದಿದ್ದೆ. ಅವನ ಎದುರು ಮಗಳು ಬಾಯಿ ಬಿಟ್ಟರೆ ಚೌಕಾಸಿಯ ನೀರೆಲ್ಲ ಇಳಿದುಹೋಗುತ್ತದೆ.

ಮರುದಿನ ಮಣ್ಣಗುಡ್ಡದ ಕಡೆಯ ಕಾಲೇಜು. ಗೇಟಿನ ಬಣ್ಣ ಎದ್ದಿತ್ತು. ಪ್ರಾಂಶುಪಾಲೆಯ ಕೋಣೆಯ ಹೊರಗಿನ ಬೆಂಚಿನಲ್ಲಿ ಬಹಳ ಹೊತ್ತು ಕೂರಿಸಿದರು. ಟೀ ಇಲ್ಲ, ನೀರಿಲ್ಲ. ಒಳಗೆ ಹೋದ ಮೇಲೂ ಆಯಮ್ಮ ನನ್ನ ಮುಖ ನೋಡಿದ್ದು ಕಡಿಮೆ. ಪ್ರಶ್ನೆ ಎಲ್ಲ ಮಗಳಿಗೆ.

“ನರ್ಸಿಂಗ್ ಯಾಕೆ?”

“ಕೆಲಸ ಬೇಗ ಸಿಗ್ತದೆ ಮೇಡಂ. ಹೊರದೇಶಕ್ಕೂ ಹೋಗ್ಬಹುದು.”

“ಸೇವೆ ಮಾಡ್ಲಿಕ್ಕೆ ಅಂತ ಹೇಳುವುದಿಲ್ವಾ?”

“ಮಾಡಿ ನೋಡಿದ ಮೇಲೆ ಹೇಳ್ತೇನೆ.”

ಪ್ರಾಂಶುಪಾಲೆ ನಗಲಿಲ್ಲ, ಆದರೆ ಪೆನ್ನು ಕೆಳಗಿಟ್ಟರು. ನಾನು ಫೀಸಿನ ಮಾತು ತೆಗೆದೆ. “ಹೊರಗೆ ಬೋರ್ಡಿನಲ್ಲಿ ಬರೆದುಂಟು” ಎಂದರು. ಬೋರ್ಡಿನಲ್ಲಿ ಬರೆದದ್ದು ಬರೆದವರಿಗೇ ಅಳಿಸಲಿಕ್ಕೂ ಬರುತ್ತದಲ್ಲ ಎಂದೆ. “ಅಳಿಸುವುದಿಲ್ಲ” ಎಂದರು. ಸೀಟು ಹಿಡಿದಿಡಲು ಮುಂಗಡ ಕೊಡುತ್ತೇನೆಂದರೆ, ಮುಂಗಡ ತೆಗೆದುಕೊಳ್ಳುವ ಕ್ರಮ ಇಲ್ಲವಂತೆ. ಶನಿವಾರ ಕೊನೆಯ ದಿನ, ಅಷ್ಟರೊಳಗೆ ಬಂದವರಿಗೆ ಇದ್ದರೆ ಸೀಟು. ಒಂದು ಮಾತಿಗೂ ಜಗ್ಗದ ಮನುಷ್ಯರನ್ನು ಕಂಡರೆ ನನಗೆ ಇನ್ನೊಂದು ಬಗೆಯ ಸಂಶಯ. ಏನೋ ಮುಚ್ಚಿಡುವವರೂ ಹೀಗೆಯೇ ಚುಟುಕಾಗಿ ಮಾತಾಡುತ್ತಾರೆ.

ಅವರ ಆಸ್ಪತ್ರೆಯ ಹೆಂಗಸರ ವಾರ್ಡಿನ ಬಾಗಿಲವರೆಗೆ ಬಿಟ್ಟರು. ಒಳಗೆ ಜನವೋ ಜನ. ಒಬ್ಬ ವಿದ್ಯಾರ್ಥಿನಿ ಬೆಡ್‌ಪಾನ್ ಹಿಡಿದು ನನ್ನನ್ನು ತಳ್ಳಿಕೊಂಡೇ ಓಡಿದಳು. ಶೀಟುಗಳನ್ನು ನೋಡಿ ನನಗೆ ಮೈ ಉರಿಯಿತು. ತೊಳೆದು ತೊಳೆದು ಬೂದಿ ಬಣ್ಣಕ್ಕೆ ತಿರುಗಿದ್ದವು. ಮಧ್ಯೆ ತೇಪೆ, ಅಯೊಡಿನ್ನಿನ ಕಂದು ಕಲೆ. ಹೈಪೋ ಎಂಬ ಪುಡಿ ಹಾಕಿ ಉಜ್ಜಿದರೆ ಹೋಗುವ ಕಲೆ ಅದು. ಇಷ್ಟು ಗೊತ್ತಿಲ್ಲದವರು ನನ್ನ ಮಗಳಿಗೆ ಏನು ಕಲಿಸಿಯಾರು ಎಂದುಕೊಂಡು, “ನೋಡುವ” ಎಂದಷ್ಟೇ ಹೇಳಿ ಹೊರಬಂದೆ.

ಹೊಸ ಆಸ್ಪತ್ರೆಯ ಬಟ್ಟೆ ಬಂದದ್ದು ಅದರ ಮರುದಿನ. ವ್ಯಾನು ಪೂರ್ತಿ. ಒಂದು ಲೋಡ್ ಕಳಿಸಿ ಎಂದರೆ, ನಮಗೆ ತೋರಿಸದ ವಾರ್ಡುಗಳದ್ದೂ ಸೇರಿಸಿ ಇದ್ದದ್ದೆಲ್ಲ ತುಂಬಿಸಿದ ಹಾಗಿತ್ತು. ನಮ್ಮಲ್ಲಿ ಆಸ್ಪತ್ರೆಯ ಮೂಟೆ ಬಿಚ್ಚಲು ಒಂದು ಕ್ರಮ ಇದೆ. ಕೈಗೆ ದಪ್ಪ ಗ್ಲೌಸು, ಬಾಯಿಗೆ ಮಾಸ್ಕು. ರಕ್ತದ ಬಟ್ಟೆ ಒಂದು ಕಡೆ, ಅದನ್ನು ಮೊದಲು ತಣ್ಣೀರಿನಲ್ಲಿ ನೆನೆಸಬೇಕು. ಬಿಸಿನೀರು ತಾಗಿತೋ, ಕಲೆ ನೂಲಿಗೆ ಕಚ್ಚಿ ಕೂರುತ್ತದೆ. ಆಪರೇಷನ್ ಥಿಯೇಟರಿನ ಹಸಿರು ಬಟ್ಟೆ ಇನ್ನೊಂದು ಕಡೆ. ದಿಂಬಿನ ಕವರುಗಳದ್ದು ಬೇರೆಯೇ ರಾಶಿ. ನಮ್ಮ ಕಡೆಯವರು ಜ್ವರ ಬಂದರೂ ತಲೆಗೆ ತೆಂಗಿನೆಣ್ಣೆ ಹಾಕುವುದು ಬಿಡುವುದಿಲ್ಲ. ಮಲಗಿ ಎದ್ದ ಕವರಿನ ನಡುವೆ ಹಳದಿ ವೃತ್ತ ಇದ್ದೇ ಇರುತ್ತದೆ. ಸೋಡಾ ಹಾಕಿದ ಕುದಿಯುವ ನೀರಿಗಲ್ಲದೆ ಅದು ಜಗ್ಗುವುದಿಲ್ಲ.

ಬಟ್ಟೆ ವಿಂಗಡಿಸುವ ಹೆಂಗಸು ನನ್ನ ಲಾಂಡ್ರಿಯ ಮೊದಲ ದಿನದಿಂದ ಇರುವವಳು. ಎರಡು ಮೂಟೆ ಬಿಚ್ಚಿ ಗ್ಲೌಸು ತೆಗೆದಿಟ್ಟಳು.

“ಅಕ್ಕ, ಇದು ಆಸ್ಪತ್ರೆದಾ, ಮದುವೆ ಹಾಲ್‌ದಾ?”

“ಯಾಕೆ?”

“ಮೂಸಿ ನೋಡಿ. ಗೋಳಿಬಜೆ.”

ಮೂಸಿದೆ. ಹೌದು, ಕರಿದ ಎಣ್ಣೆಯ ವಾಸನೆ. ಶೀಟಿನ ಒಂದು ಅಂಚಿಗೆ ಎಣ್ಣೆ ಬೆರಳು ಒರೆಸಿದ ಗುರುತು, ಒಂದೆರಡು ಕಡೆ ಕಾಯಿಚಟ್ನಿ ಒಣಗಿ ಹಿಡಿದದ್ದು, ಟೀ ಚೆಲ್ಲಿದ್ದು. ಕೊಳೆ ಇದ್ದದ್ದೆಲ್ಲ ಅಂಚಿನಲ್ಲೇ. ಕಾಲು ಕೆಳಗೆ ಬಿಟ್ಟು ಮಂಚದ ಬದಿಯಲ್ಲಿ ಕೂತರೆ ಎಲ್ಲಿ ಮಾಸುತ್ತದೋ ಅಲ್ಲಿ. ನಟ್ಟನಡುವೆ ಇಸ್ತ್ರಿಯ ಮಡಿಕೆ ಹಾಗೆಯೇ ಎದ್ದು ನಿಂತಿತ್ತು. ದಿಂಬಿನ ಕವರುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದೆ. ಒಂದರಲ್ಲೂ ಎಣ್ಣೆ ಇಲ್ಲ. ರಕ್ತದ ಬಟ್ಟೆ ಇಲ್ಲ, ಹಸಿರು ಬಟ್ಟೆ ಇಲ್ಲ, ಮಗು ಸುತ್ತುವ ಬಟ್ಟೆಯ ಒಂದು ತುಂಡೂ ಇಲ್ಲ.

“ಇವರಲ್ಲಿ ಪೇಷೆಂಟ್ ಮಲಗುದಿಲ್ಲ ಅಕ್ಕ, ಕೂತು ಚಾ ಕುಡಿದು ಹೋಗುದು” ಎಂದಳು ಅವಳು.

ನಾನು ಆ ಕ್ಷಣವೇ ತೀರ್ಮಾನಕ್ಕೆ ಬಂದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಗುತ್ತಿಗೆ ದೊಡ್ಡದಿತ್ತು. ಮಳೆ ಇನ್ನೂ ಬಿಟ್ಟಿರಲಿಲ್ಲ, ಬಟ್ಟೆ ಒಣಗಿಸುವ ಇನ್ನೊಂದು ಮಿಷನ್ ತರುವ ಆಸೆ ನನಗೆ ಬಹಳ ದಿನದಿಂದ ಇತ್ತು, ಈ ಒಂದು ಆಸ್ಪತ್ರೆ ಸಿಕ್ಕಿದರೆ ಅದು ನಡೆದುಹೋಗುತ್ತಿತ್ತು. ಹಾಗಾಗಿ ಅವರ ಪರವಾಗಿ ನಾನೇ ನನ್ನೊಳಗೆ ವಾದ ಹೂಡಿದೆ. ಮೊದಲ ಸಲ ಎಂದು ಚೊಕ್ಕದ್ದನ್ನು ಮಾತ್ರ ಕಳಿಸಿರಬಹುದಲ್ಲ? ರೋಗಿಯ ಕಡೆಯವರು ಬಂದು ಕೂತು ತಿಂದಿರಬಹುದಲ್ಲ? ಮ್ಯಾನೇಜರಿಗೆ ಫೋನ್ ಮಾಡಿ, “ಥಿಯೇಟರಿನದ್ದು, ಹೆರಿಗೆ ವಾರ್ಡಿನದ್ದು ಬರ್ಲಿಲ್ಲ. ಅದಕ್ಕೆ ದರ ಬೇರೆ, ನೋಡದೆ ಹೇಳ್ಲಿಕ್ಕೆ ಆಗುದಿಲ್ಲ” ಎಂದೆ. “ಅದು ಬೇರೆಯವರು ಮಾಡ್ತಾರೆ ಮೇಡಂ, ನಿಮಗೆ ತಲೆಬಿಸಿ ಬೇಡ” ಎಂದ. ದೂರದ ಗುತ್ತಿಗೆಯವರನ್ನು ಬಿಡಿಸುತ್ತಿದ್ದೇವೆ ಎಂದವನೂ ಇವನೇ.

ಕೊನೆಗೆ ನನ್ನ ಕಸುಬೇ ಒಂದು ಉಪಾಯ ಕೊಟ್ಟಿತು. ನಡೆಯುವ ಆಸ್ಪತ್ರೆಯಲ್ಲಿ ಪ್ರತಿ ಮಂಚಕ್ಕೂ ಕಡಿಮೆಯೆಂದರೆ ಮೂರು ಶೀಟು ಇರಬೇಕು: ಮಂಚದ ಮೇಲೊಂದು, ಕಪಾಟಿನಲ್ಲೊಂದು, ನಮ್ಮಲ್ಲಿ ಒಗೆಯಲಿಕ್ಕೊಂದು. ಅಷ್ಟಿದ್ದರೂ ಸಾಲುವುದಿಲ್ಲ. ನಮ್ಮ ವ್ಯಾನು ಸುರತ್ಕಲ್ ಜಂಕ್ಷನಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದರೆ ನನ್ನ ಫೋನಿಗೆ ಬಿಡುವಿಲ್ಲ. ವಾರ್ಡಿನ ಸಿಸ್ಟರುಗಳ ಬೈಗಳು ಕೇಳಿ ಕೇಳಿ ಯಾವ ಆಸ್ಪತ್ರೆಯವರು ಹೇಗೆ ಬೈಯುತ್ತಾರೆ ಎಂದು ನನಗೆ ಬಾಯಿಪಾಠ. ಅಂದರೆ, ಬಟ್ಟೆ ತಡವಾದರೆ ರೋಗಿ ಇರುವ ಆಸ್ಪತ್ರೆ ಸುಮ್ಮನಿರುವುದಿಲ್ಲ.

ಒಗೆದು ಮಡಚಿದ ಅವರ ಬಟ್ಟೆಯನ್ನು ಕಟ್ಟಿ ಮೂಲೆಯಲ್ಲಿ ಇಡಿಸಿದೆ. “ಕಳಿಸುದು ಬೇಡ. ಕೇಳಿದ ಮೇಲೆ ನೋಡುವ” ಎಂದೆ. ಇಷ್ಟು ವರ್ಷದಲ್ಲಿ ಒಬ್ಬರ ಬಟ್ಟೆಯನ್ನು ಬೇಕೆಂದೇ ತಡೆದಿಟ್ಟದ್ದು ಅದೇ ಮೊದಲು. ಮಗಳಿಗೂ ಹೇಳಿದೆ. ಅವಳು ನನ್ನನ್ನು ಒಂದು ನಮೂನೆ ನೋಡಿದಳು.

“ಶನಿವಾರ ಅಲ್ಲಿ ಲಾಸ್ಟ್ ಡೇಟ್ ಅಮ್ಮ. ನೆನಪುಂಟಲ್ಲ?”

“ಉಂಟು.”

“ಅಷ್ಟರೊಳಗೆ ಇವರು ಫೋನ್ ಮಾಡದಿದ್ರೆ?”

“ಮಾಡದಿದ್ರೆ ಅದೇ ಉತ್ತರ.”

ಆ ದಿನ ಫೋನ್ ಬರಲಿಲ್ಲ. ಮರುದಿನ ಬಂತು. ಏಜೆಂಟಿನದ್ದು.

“ಅಕ್ಕ, ಒರಿಜಿನಲ್ಸ್ ಯಾವಾಗ ಕೊಡ್ತೀರಿ? ಮ್ಯಾನೇಜರ್ ಕೇಳ್ತಾ ಇದ್ದಾರೆ. ಸೀಟು ಫುಲ್ ಆಗ್ತಾ ಉಂಟು.”

“ಕೊಡುವ. ಅವರ ಬಟ್ಟೆ ನನ್ನಲ್ಲೇ ಉಳಿಯಿತು ಮಾರಾಯ. ಬೈದ್ರಾ ಎಂತ?”

“ಬಟ್ಟೆಯಾ? ಬಟ್ಟೆ ವಿಷಯ ಎಂತ ಹೇಳ್ಲಿಲ್ಲ. ಅರ್ಜೆಂಟ್ ಇಲ್ಲ ಬಿಡಿ ಅಕ್ಕ. ನೀವು ಮಾರ್ಕ್ಸ್‌ಕಾರ್ಡ್ ತನ್ನಿ.”

ಅದರ ಮರುದಿನವೂ ಅವನೇ. ಮತ್ತೆ ಅಂಕಪಟ್ಟಿಯದ್ದೇ ಮಾತು. ಅವರ ಮಂಚಗಳೆಲ್ಲ ಬರಿಮೈಯಲ್ಲಿ ಬಿದ್ದಿದ್ದರೂ ಒಬ್ಬ ಸಿಸ್ಟರೂ ನನಗೆ ಬೈಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಮ್ಯಾನೇಜರ್ ತಾನೇ ಫೋನ್ ಮಾಡಿದ. “ಮೇಡಂ, ಬೆಡ್‌ಶೀಟ್ ಎಲ್ಲ ಸೋಮವಾರದ ಒಳಗೆ ಬೇಕಿತ್ತು. ಕೌನ್ಸಿಲ್ ಇನ್ಸ್‌ಪೆಕ್ಷನ್‌ಗೆ ಇನ್ನೊಂದು ಟೀಮ್ ಬರ್ತದೆ.” ಸ್ವರ ತಗ್ಗಿಸಿ ಸೇರಿಸಿದ, “ಹೋದ ವಾರದ ಹಾಗೆ ಬಿಳಿ ಕಾಣ್ಬೇಕು.”

ಹೋದ ವಾರ ಮಂಚದಂಚಿನಲ್ಲಿ ಕೂತು ಗೋಳಿಬಜೆ ತಿಂದವರು ಯಾರು, ರೋಗಿಗಳೆಂದು ತೋರಿಸಲು ಅವರನ್ನು ಯಾವ ಬಸ್ಸಿನಲ್ಲಿ ಎಲ್ಲಿಂದ ಕರೆತಂದಿದ್ದರು ಎಂದು ನಾನು ಕೇಳಲಿಲ್ಲ. ಕೇಳಿ ಆಗಬೇಕಾದ್ದೂ ಇರಲಿಲ್ಲ. ಮಧ್ಯಾಹ್ನದೊಳಗೆ ಅಷ್ಟೂ ಬಟ್ಟೆಯನ್ನು ವ್ಯಾನಿಗೆ ಹಾಕಿಸಿ ನಾನೇ ಹೋಗಿ ಇಳಿಸಿದೆ. ಒಗೆದದ್ದಕ್ಕೆ ಬಿಲ್ಲು ಕೊಟ್ಟೆ. ಗುತ್ತಿಗೆ ಬೇಡ, ಸೀಟೂ ಬೇಡ ಎಂದೆ.

ಮ್ಯಾನೇಜರ್ ಬಿಲ್ಲನ್ನು ಮೇಜಿನ ಮೇಲಿಟ್ಟ. “ದರ ಇನ್ನೂ ನೋಡುವ ಮೇಡಂ, ಕೂತು ಮಾತಾಡುವ.”

“ದರ ಸರಿ ಉಂಟು. ನನ್ನ ಕೈಯಲ್ಲಿ ಆಗುದಿಲ್ಲ.”

“ಎಲ್ಲ ಕಡೆ ಹೀಗೆಯೇ ಮೇಡಂ. ನೀವು ಹೋಗಿ ನೋಡಿ ಬೇಕಾದ್ರೆ.”

ಎಲ್ಲ ಕಡೆ ಹೀಗೆಯೇ ಇರಲೂಬಹುದು, ನಾನು ನೋಡಿದ್ದು ಎಷ್ಟು? ಏಜೆಂಟ್ ಗೇಟಿನ ಹೊರಗೆ ಹಿಡಿದ. “ಅಕ್ಕ, ಬೆಡ್‌ಶೀಟ್ ನೋಡಿ ಯಾರಾದ್ರೂ ಕಾಲೇಜು ಸೆಲೆಕ್ಟ್ ಮಾಡ್ತಾರಾ? ಊರವರಿಗೆ ಹೇಳಿದ್ರೆ ನಗ್ತಾರೆ.”

“ನಗ್ಲಿ. ನಿನ್ನ ಮಗಳನ್ನು ಸೇರಿಸುವಾಗ ನೀನೂ ದಿಂಬು ಮೂಸಿ ನೋಡು” ಎಂದೆ.

ಶನಿವಾರ ಬೆಳಿಗ್ಗೆಯೇ ಮಣ್ಣಗುಡ್ಡಕ್ಕೆ ಹೋದೆವು. ಮಗಳು ನೇರ ಆಫೀಸಿನ ಕಡೆ ತಿರುಗಿದಳು. ಮ್ಯಾನೇಜರ್ ಹೇಳಿದ ಮಾತು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. “ನೀನು ಸಾಲಿನಲ್ಲಿ ನಿಲ್ಲು, ಬಂದೆ” ಎಂದು ಹೇಳಿ ಆಸ್ಪತ್ರೆಯ ಹಿಂಬದಿಗೆ ಹೋದೆ. ಇವರ ಬಟ್ಟೆ ಒಗೆಯುವ ಶೆಡ್ಡು ಅಲ್ಲೇ ಇತ್ತು. ದೊಡ್ಡ ಹಂಡೆಯಲ್ಲಿ ಸೋಡಾ ನೀರು ಕುದಿಯುತ್ತಿತ್ತು, ಪಕ್ಕದ ಬುಟ್ಟಿಯಲ್ಲಿ ದಿಂಬಿನ ಕವರುಗಳು. ಕೇಳದೆ ಒಂದನ್ನು ಎತ್ತಿ ಬಿಡಿಸಿದೆ. ನಡುವೆ ಅಂಗೈ ಅಗಲದ ಎಣ್ಣೆ ಕಲೆ. ಅದರ ಕೆಳಗಿನದ್ದರಲ್ಲೂ ಇತ್ತು. ಅದರ ಕೆಳಗಿನದ್ದರಲ್ಲಿ ಒಂದು ಉದ್ದ ನರೆಗೂದಲು ಅಂಟಿತ್ತು.

“ಏ ಅಮ್ಮ, ಗ್ಲೌಸ್ ಇಲ್ಲದೆ ಮುಟ್ತೀರಲ್ಲ, ಬುದ್ಧಿ ಉಂಟಾ?” ಒಗೆಯುವವನು ಗದರಿದ. ಅವನು ಹೇಳಿದ್ದು ಸರಿ. ನಾನೇ ನನ್ನ ಕೆಲಸದವರಿಗೆ ದಿನಾ ಹೇಳುವ ಮಾತು ಅದು. ನಾನು ಕೈ ತೊಳೆಯುತ್ತಿರುವಾಗ ಮೇಲಿನ ಮಹಡಿಯ ಕಿಟಕಿಯಿಂದ ಒಬ್ಬಳು ಸಿಸ್ಟರ್ ತಲೆ ಹೊರಗೆ ಹಾಕಿದಳು.

“ಶೀಟ್ ಎಲ್ಲಿ ಮಾರಾಯಾ? ಇಲ್ಲಿ ಪೇಷೆಂಟ್‌ನ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ ಆಗಿದೆ. ನಿನ್ನ ಶೀಟ್ ಬರುವಷ್ಟರಲ್ಲಿ ಅವರು ಗುಣ ಆಗಿ ಮನೆಗೆ ಹೋಗ್ತಾರೆ.”

“ಬಂತು ಸಿಸ್ಟರೇ, ಬಂತು” ಎಂದು ಅವನು ಓಡಿದ.

ಆ ಬೈಗಳು ನನಗೆ ಎಷ್ಟು ಹಿತವಾಗಿ ಕೇಳಿತು ಎಂದು ಹೇಗೆ ಹೇಳುವುದು. ವಾಪಸು ಬಂದು ಮಗಳ ಪಕ್ಕ ನಿಂತೆ. ಅವಳ ಮುಖ ಬಾಡಿತ್ತು. ಎದುರಿಗೆ ಸಾಲು ಇತ್ತು, ಸೀಟು ಉಳಿದದ್ದು ಕೆಲವೇ ಎಂದು ಆಫೀಸಿನವರು ಹೇಳಿದ್ದರಂತೆ. ನಮ್ಮ ಸರದಿ ಬರುವವರೆಗೆ ನಾನು ಎದುರಿನ ತಲೆಗಳನ್ನು ಎಣಿಸುತ್ತಲೇ ಇದ್ದೆ. ನನ್ನ ಪರೀಕ್ಷೆಗಳಿಂದಾಗಿ ಮಗಳ ಸೀಟು ಹೋದರೆ ಆ ಕವರಿನ ಎಣ್ಣೆ ಹಿಡಿದುಕೊಂಡು ನಾನು ಏನು ಮಾಡಲಿ?

ಹೋಗಲಿಲ್ಲ. ಪ್ರಾಂಶುಪಾಲೆ ಅವಳ ಹೆಸರು ಬರೆದುಕೊಂಡರು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ. “ಮೇಡಂ, ಫೀಸಿನಲ್ಲಿ ಏನಾದ್ರೂ” ಎಂದು ಶುರು ಮಾಡಿದೆ.

“ಅಮ್ಮ, ಸಾಕು” ಎಂದಳು ಮಗಳು.

ಜೀವನದಲ್ಲಿ ಮೊದಲ ಸಲ ಹೇಳಿದ ಬೆಲೆಗೆ ಒಪ್ಪಿದೆ. ಒರಿಜಿನಲ್ ಕೇಳಿದರು. ಚೀಲದಿಂದ ತೆಗೆದೆ, ಕೈಬಿಡಲಿಲ್ಲ. “ಯಾವಾಗ ವಾಪಸು ಅಂತ ಬರೆದು ಕೊಡ್ತೀರಾ?” ಎಂದೆ. ಪ್ರಾಂಶುಪಾಲೆ ನನ್ನ ಎದುರೇ ಜೆರಾಕ್ಸಿನ ಜೊತೆ ಹೋಲಿಸಿ ನೋಡಿ, ಸಹಿ ಹಾಕಿ, ಒರಿಜಿನಲ್ಲನ್ನು ನನ್ನ ಕಡೆಗೇ ತಳ್ಳಿದರು. “ವಿಶ್ವವಿದ್ಯಾಲಯ ಕೇಳಿದ ದಿನ ತನ್ನಿ. ಅದೇ ದಿನ ತೆಗೆದುಕೊಂಡು ಹೋಗಿ.” ನಾನು ಅದನ್ನೂ ನಂಬಲಿಲ್ಲ. ಆ ದಿನ ಬಂದಾಗ ಸಂಜೆಯವರೆಗೆ ಅದೇ ಬೆಂಚಿನಲ್ಲಿ ಕೂತು ವಾಪಸು ತೆಗೆದುಕೊಂಡೇ ಹೋದೆ. ಆಗಲೂ ಟೀ ಕೊಡಲಿಲ್ಲ.

ಸೇರಿಸಿದ ಮೇಲಾದರೂ ನನಗೆ ನೆಮ್ಮದಿ ಬಂತೇ? ಮಗಳು ಕಾಟಿಪಳ್ಳದಿಂದಲೇ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅವಳ ಯೂನಿಫಾರ್ಮ್ ಮಿಷನ್ನಿಗೆ ಹಾಕುವ ಮೊದಲು ತಿರುಗಿಸಿ ಮುರುಗಿಸಿ ನೋಡುವುದು ನನ್ನ ಅಭ್ಯಾಸವಾಯಿತು. ಮೊದಮೊದಲು ಕಾಲರಿನ ಬೆವರು, ಬಸ್ಸಿನ ಕಂಬಿಯ ಕಿಲುಬು, ಪೆನ್ನಿನ ಶಾಯಿ, ಇಷ್ಟೇ. ತರಗತಿ ಮುಗಿದ ಮೇಲೆ ಪೋಸ್ಟಿಂಗ್ ಎಂದು ಅವಳು ಎಷ್ಟು ಹೇಳಿದರೂ ನನ್ನ ಕಣ್ಣು ಸುಮ್ಮನಿರಲಿಲ್ಲ. ಒಮ್ಮೆ ಎದೆಯ ಹತ್ತಿರ ಕಂದು ಕಲೆ ಕಂಡು, “ಅಯೊಡಿನಾ?” ಎಂದು ಆಸೆಯಿಂದ ಕೇಳಿದೆ. “ಕ್ಯಾಂಟೀನಿನ ಕಡ್ಲೆ ಗಸಿ” ಎಂದಳು.

ಪೋಸ್ಟಿಂಗ್ ಶುರುವಾದ ಮೇಲೆ ಒಂದು ಸಂಜೆ ಅವಳು ಬಂದವಳೇ ನನ್ನ ಕೈಗೆ ಯೂನಿಫಾರ್ಮ್ ಕೊಡಲಿಲ್ಲ. ಗ್ಲೌಸು ಹಾಕಿಕೊಂಡು ಚೀಲದಿಂದ ತೆಗೆದು ಹಿತ್ತಲಿನ ಬಕೆಟಿನಲ್ಲಿ ಮುಳುಗಿಸಿದಳು. ತೋಳಿನ ತುದಿ ಕಪ್ಪುಗೆಂಪಾಗಿತ್ತು. ನಾನು ಹತ್ತಿರ ಹೋದೆ.

“ಬಿಸಿನೀರು ಹಾಕ್ಬೇಡ” ಎಂದಳು.

“ನಂಗೆ ಹೇಳ್ತೀಯಾ?”

“ಹ್ಞೂಂ. ನೀನು ಮುಟ್ಲೂಬೇಡ.”

ಯಾರದ್ದು, ಏನಾಯಿತು ಎಂದು ಕೇಳಿದೆ. ಪೇಷೆಂಟಿನ ವಿಷಯ ಹೊರಗೆ ಹೇಳಬಾರದಂತೆ. ಬದುಕಿದರೋ ಎಂದಷ್ಟು ಕೇಳಿದೆ. ಹೌದೆಂದು ತಲೆಯಾಡಿಸಿದಳು. ಬಕೆಟಿನ ನೀರು ನಿಧಾನಕ್ಕೆ ಬಣ್ಣ ತಿರುಗುವುದನ್ನು ಇಬ್ಬರೂ ನೋಡುತ್ತ ನಿಂತೆವು. ಅವಳು ಆ ನೀರು ಚೆಲ್ಲಿ, ಬೇರೆ ತಣ್ಣೀರು ತುಂಬಿಸಿದಳು.

“ಈಗಲಾದ್ರೂ ನಿನ್ನ ಸಂಶಯ ಹೋಯ್ತಾ?”

“ಅರ್ಧ” ಎಂದೆ.